ಬೇಡ ಎನ್ನುವ ಅಧಿಕಾರ

ಬೆಂಗಳೂರಿನ ಪಕ್ಕದ ಹೊಸಕೋಟೆ ಸೀಮೆಯ ಅನುಗೊಂಡನಹಳ್ಳಿಯ ಟೀ ಅಂಗಡಿಯೊಂದರ ಮುಂದೆ ಇಬ್ಬರು ಹಿರಿಯರು ಊರಿನ ಸಾರ್ವಜನಿಕ ಮರದ ತೋಪಾದ ಗುಂಡುತೋಪಿನ ಮಾತಾಡುತ್ತಿದ್ದರು. ‘ಸುತ್ತ ಬೇಲಿ ಹಾಕ್ಸಿ ಒಬ್ಬ ವಾಚರ್‌ನ ಇಟ್ರೆ ತೋಪು ಉಳೀತದೆ ಕಣಣ್ಣ’ ಎಂದರು ಒಬ್ಬರು. ‘ಅವನಿಗೆ ಸಂಬ್ಳ ಯಾರ್ ಕೊಡ್ತಾರಪ್ಪ?’ ಎಂದರು ಇನ್ನೊಬ್ಬರು. ಮಾತು ಅಲ್ಲಿಗೇ ನಿಂತಿತು. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಕುಮಟಾ ತಾಲ್ಲೂಕಿನಲ್ಲಿ ಗ್ರಾಮ ಅರಣ್ಯ ಪಂಚಾಯಿತಿಗಳನ್ನು ನಡೆಸಿದ ಊರುಗಳಿವೆ. ಈ ಪ್ರಶ್ನೆಗೆ ಉತ್ತರ ಕಂಡುಕೊಂಡ ಊರುಗಳೇ ಅವು.  ಕುಮಟಾ ಇರುವ ಉತ್ತರ ಕನ್ನಡ ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಕಾಡಿನ ಮೇಲೆ ಸರ್ಕಾರದ ಬಿಗಿ ಹೆಚ್ಚಿ ಸೌದೆಗೆ, ಗದ್ದೆಯ ಸೊಪ್ಪಿಗೆ, ತರಗೆಲೆಗೆ ಜನ ಪರದಾಡುತ್ತಿದ್ದರು. 1920ರ ದಶಕದಲ್ಲಿ ಕಾಲಿನ್ಸ್ ಎಂಬ ಐಸಿಎಸ್ ಅಧಿಕಾರಿ ಕೊಟ್ಟ ವರದಿಯ ಫಲವಾಗಿ ಹಳಕಾರ, ಚಿತ್ರಗಿ, ಕಲ್ಲಬ್ಬೆಯಂಥ ಊರುಗಳ ಕೈಗೆ ಸುತ್ತಲಿನ ಕಾಡು ಬಂತು. ಎಷ್ಟು ಸೌದೆ ತರಬಹುದು, ತಪ್ಪಿದರೆ ದಂಡವೆಷ್ಟು ಎಂಬುದನ್ನು ಊರೇ ತೀರ್ಮಾನಿಸಿತು. ಕಾವಲುಗಾರನ ಸಂಬಳವನ್ನೂ ಊರೇ ಭರಿಸಿತು. ದಶಕಗಳ ಕಾಲ ಕಾಡು ಉಳಿಯಿತು.

ಕಾವಲಿಗೆ ಊರೇ ಹಣ ಹಾಕಿದರೆ ಸಾಕು ಎಂದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ದಾಖಲಿಸಿರುವ ಮುಂದಿನ ಘಟನೆ ನನ್ನ ಪ್ರಶ್ನೆಯನ್ನೇ ತಿರುಗಿಸಿತು. 1979ರಲ್ಲಿ ಕರ್ನಾಟಕ ಸರ್ಕಾರ ಈ ಪಂಚಾಯಿತಿಗಳನ್ನು ರದ್ದು ಮಾಡಿತು. ಹಳಕಾರ, ಕಲ್ಲಬ್ಬೆಯವರು ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದರು. ಅವರ ಕಾಡು ಉಳಿಯಿತು. ಚಿತ್ರಗಿಯ ಕಾಡು ಮಾತ್ರ ಕೆಲವೇ ದಿನಗಳಲ್ಲಿ ಬರಿದಾಯಿತು. ಅಷ್ಟು ವರ್ಷ ಊರೇ ಕಾಪಾಡಿದ್ದ ಕಾಡು ಅದು. ನಾಳೆ ಅದು ತಮ್ಮದಲ್ಲ ಎಂದು ಗೊತ್ತಾದ ಮೇಲೆ ಕಾಯುವುದಕ್ಕೆ ಕಾರಣವೇ ಉಳಿಯಲಿಲ್ಲ.

ಹಾಗಾದರೆ ಸಂಬಳಕ್ಕಿಂತ ಮೊದಲು ಕೇಳಬೇಕಾದ್ದು ಬೇರೆಯೇ ಇದೆ: ಈ ಜಾಗವನ್ನು ಬೇರೆಯವರಿಗೆ ಕೊಡುವುದು ಬೇಡ ಎಂದು ಊರು ಹೇಳಿದರೆ ಆ ಮಾತು ನಡೆಯುತ್ತದೆಯೇ? ಹಂಚಿಕೊಂಡ ಸಂಪನ್ಮೂಲಗಳನ್ನು ಜನ ಹೇಗೆ ಉಳಿಸಿಕೊಳ್ಳುತ್ತಾರೆಂದು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ 1990ರ ತಮ್ಮ ಗ್ರಂಥದಲ್ಲಿ ಅದಕ್ಕೆ ಎಂಟು ಸೂತ್ರಗಳನ್ನು ಕೊಟ್ಟರು. ಗಡಿ, ಕಾವಲು, ದಂಡದ ಸೂತ್ರಗಳನ್ನು ನಮ್ಮ ತರಬೇತಿ ಶಿಬಿರಗಳಲ್ಲಿ ಉತ್ಸಾಹದಿಂದ ಹೇಳಿಕೊಡುತ್ತಾರೆ. ಜನ ತಾವೇ ಕಟ್ಟಿಕೊಂಡ ವ್ಯವಸ್ಥೆಯನ್ನು ಸರ್ಕಾರ ಮಾನ್ಯ ಮಾಡಬೇಕು ಎನ್ನುವ ಏಳನೆಯದಕ್ಕೆ ಬಂದಾಗ ದನಿ ತಗ್ಗುತ್ತದೆ. ಚಿತ್ರಗಿಯಲ್ಲಿ ಮುರಿದದ್ದು ಇದೇ ಸೂತ್ರ. 1993ರಲ್ಲಿ ಕರ್ನಾಟಕಕ್ಕೆ ಬಂದ ಜಂಟಿ ಅರಣ್ಯ ಯೋಜನೆಯೂ ಊರಿಗೆ ಪಾಲು ಕೊಟ್ಟಿತು. ಆದರೆ ಕಡೆಯ ಮಾತನ್ನು ಅರಣ್ಯ ಇಲಾಖೆಯಲ್ಲೇ ಉಳಿಸಿಕೊಂಡಿತು.

ಹೊಸಕೋಟೆ ಸೀಮೆಯ ಪಾಡೂ ಇದೇ: ಇಲ್ಲೂ ಕಡೆಯ ಮಾತು ಊರಿನದಲ್ಲ. ಸಾಮಾಜಿಕ ಅರಣ್ಯ ಯೋಜನೆಯ ದಿನಗಳಲ್ಲಿ ಬಯಲು ಸೀಮೆಯ ಉದ್ದಗಲಕ್ಕೆ ನೀಲಗಿರಿ ಹಬ್ಬಿತು. ಅದರ ಎಲೆಯನ್ನು ದನ ಮೂಸುವುದಿಲ್ಲ. ಹೊಸದಾಗಿ ನೆಡಬಾರದೆಂದು ಸರ್ಕಾರವೇ ಹೇಳುವಷ್ಟರಲ್ಲಿ 2017 ಬಂದಿತ್ತು. ಈಗಲೂ ಪ್ರತಿ ವನಮಹೋತ್ಸವಕ್ಕೆ ನೆಟ್ಟ ಸಸಿಗಳ ಸಂಖ್ಯೆ ಪ್ರಕಟವಾಗುತ್ತದೆ. ಮೂರು ವರ್ಷದ ನಂತರ ಬದುಕಿರುವ ಸಸಿಗಳ ಸಂಖ್ಯೆಯನ್ನು ಯಾರಾದರೂ ಪ್ರಕಟಿಸಿದ್ದನ್ನು ನಾನು ಕಂಡಿಲ್ಲ. ಇದು ನನಗೆ ಪ್ರತಿವರ್ಷ ಸಿಟ್ಟು ತರಿಸುತ್ತದೆ.

ನೇರಳೆ, ಹುಣಸೆ, ಹೊಂಗೆಯ ಗುಂಡುತೋಪು ನೀಲಗಿರಿಯ ಹಾಗಲ್ಲ. ಅದರ ನೆರಳೂ ಹಣ್ಣೂ ಊರಿಗೆ ಬೇಕು. ಆದರೆ ಬೆಂಗಳೂರು ಬೆಳೆಯುತ್ತ ಬಂದಂತೆ ಆ ನೆಲದ ಬೆಲೆ ಮರಗಳ ಬೆಲೆಯನ್ನು ಮೀರಿದೆ. 1964ರ ಭೂಕಂದಾಯ ಕಾಯ್ದೆಯ 71ನೇ ಕಲಮಿನಂತೆ, ಸಾರ್ವಜನಿಕ ಉದ್ದೇಶಕ್ಕೆ ಮೀಸಲಿಟ್ಟ ಸರ್ಕಾರಿ ಜಮೀನನ್ನು ಬೇರೆ ಬಳಕೆಗೆ ಕೊಡಲು ಜಿಲ್ಲಾಧಿಕಾರಿಯ ಮಂಜೂರಾತಿ ಬೇಕು. ಗ್ರಾಮಸಭೆಯ ಒಪ್ಪಿಗೆ ಬೇಕೆಂದು ಆ ಕಲಮು ಹೇಳುವುದಿಲ್ಲ. ಆ ಒಂದು ಮಾತು ಕಾಯ್ದೆಗೆ ಸೇರಬೇಕು. ಅದಕ್ಕೂ ಮೊದಲು ಪ್ರತಿ ಗ್ರಾಮಸಭೆ ತನ್ನ ತೋಪನ್ನು ಅಳೆಸಿ, ಸರ್ವೆ ನಂಬರಿನೊಂದಿಗೆ ನಡಾವಳಿಯಲ್ಲಿ ಬರೆಸಿಡಬೇಕು. ಹಳಕಾರದವರು ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಅವರ ಬೆನ್ನಿಗೆ ಊರೇ ನಡೆಸಿಕೊಂಡು ಬಂದ ಪಂಚಾಯಿತಿಯಿತ್ತು. ನಮ್ಮ ಊರುಗಳೂ ಅಂಥ ಬಲವನ್ನು ಈಗಲೇ ಕಟ್ಟಿಕೊಳ್ಳಬೇಕು.