ಸಂಖ್ಯೆಯೂ ಅದರ ಉಡುಪೂ

ಸಂಖ್ಯೆ ಬೇರೆ, ಅದನ್ನು ಬರೆಯುವ ಅಂಕಿಗಳು ಬೇರೆ ಎಂಬ ವಿವೇಕವನ್ನು ನಮ್ಮ ಬಾಲಿಕೆಯರು ಶಾಲೆಯನ್ನು ಬಿಡುವುದಕ್ಕೆ ಮುಂಚೆಯೇ ಪಡೆಯತಕ್ಕದ್ದೆಂದು ನಾವು ಅಭಿಪ್ರಾಯಪಡುತ್ತೇವೆ. ಇದು ಪರೀಕ್ಷೆಗೆ ಮಾತ್ರ ಬೇಕಾದ ಸೂಕ್ಷ್ಮವೆಂದು ಯಾರೂ ಭಾವಿಸಬಾರದು. ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಬಡಾವಣೆಯಲ್ಲಿ ನೋಡಿದರೂ, ವಾಹನದ ಫಲಕದ ಅಂಕಿಗಳನ್ನು ಕೂಡಿ, ಎಂಟು ಬಂದರೆ ಶನಿಯೆಂದು ಅಂಜುವ, ಒಂಬತ್ತು ಬಂದರೆ ಹಿಗ್ಗುವ ವಿದ್ಯಾವಂತರು ಸಿಕ್ಕುತ್ತಾರೆ. ಈ ಭಯಕ್ಕೆ ಆಧಾರವುಂಟೇ?

ನಾವು ಬರೆಯುವ ಕ್ರಮವು ದಶಮಾನ. ಹತ್ತನ್ನೇ ಹಿಡಿಯಬೇಕೆಂಬ ಕಟ್ಟಳೆ ಪ್ರಕೃತಿಯಲ್ಲಿಲ್ಲ. 1957ನೆಯ ಇಸವಿ ಏಪ್ರಿಲ್ 1ರಂದು ನಯಾಪೈಸೆ ಬರುವವರೆಗೆ ನಮ್ಮ ಹಿರಿಯರು ರೂಪಾಯಿಗೆ ಹದಿನಾರಾಣೆಯಂತೆ, ಹದಿನಾರರ ಮಾನದಲ್ಲಿ, ನಿರಾಯಾಸವಾಗಿ ಲೆಕ್ಕವಿಡುತ್ತಿದ್ದರು. 35 ಆಣೆಗಳೆಂದರೆ 2 ರೂಪಾಯಿ 3 ಆಣೆ. 35ರ ಅಂಕಿಗಳನ್ನು ಕೂಡಿದರೆ ಎಂಟು. 2 ಮತ್ತು 3ನ್ನು ಕೂಡಿದರೆ ಐದು. ಹಣದಲ್ಲಿ ಒಂದು ಕಾಸೂ ಹೆಚ್ಚಲಿಲ್ಲ, ಕಡಮೆಯಾಗಲಿಲ್ಲ. ಹಾಗಾದರೆ ಶನಿಯು ಎಲ್ಲಿಗೆ ಹೋದನು?

ಅಂಕಿಗಳ ಮೊತ್ತವನ್ನು ನೋಡಿ ಒಂಬತ್ತರ ಭಾಗಾಕಾರವನ್ನು ತಿಳಿಯುವ ಸೂತ್ರವೂ ಇಂಥದೇ. ಅದು ಒಂಬತ್ತರ ಮಹಿಮೆಯಲ್ಲ. ಹತ್ತಕ್ಕಿಂತ ಒಂದು ಕಡಮೆಯಾಗಿರುವುದರ ಫಲ. ಹದಿನಾರರ ಮಾನದಲ್ಲಿ ಆ ಪದವಿ ಹದಿನೈದಕ್ಕೆ ಸಲ್ಲುತ್ತದೆ. 7 ರೂಪಾಯಿ 8 ಆಣೆಯನ್ನು 15 ಮಂದಿ ಬಾಲಿಕೆಯರಿಗೆ ಹಂಚಬೇಕಾಗಿದೆಯೆನ್ನೋಣ. ಪ್ರತಿ ರೂಪಾಯಿಯಿಂದಲೂ ಒಬ್ಬೊಬ್ಬಳಿಗೆ ಒಂದಾಣೆ ಕೊಟ್ಟರೆ ಒಂದಾಣೆ ಮಿಗುವುದು. ಏಳು ರೂಪಾಯಿಗಳಿಂದ ಮಿಕ್ಕ ಏಳಾಣೆ, ಮೊದಲೇ ಇದ್ದ ಎಂಟಾಣೆ, ಒಟ್ಟು ಹದಿನೈದು. ಮತ್ತೆ ಒಂದೊಂದಾಣೆ ಕೊಟ್ಟರೆ ಶೇಷವಿಲ್ಲ. ಸೂತ್ರದ ಗುಟ್ಟೆಲ್ಲ ಇಷ್ಟೇ.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಎರಡು ಕಡೆಯಿಂದಲೂ ಒಂದೇ ಆಗಿ ಓದಿಕೊಳ್ಳುವ ಸಂಖ್ಯೆಗಳನ್ನು ಕಂಠಾಭರಣಗಳೆಂಬಂತೆ ಪೋಣಿಸಿಟ್ಟನು. 139ನ್ನು 109ರಿಂದ ಗುಣಿಸಿದರೆ 15151. ಇದನ್ನೇ ಹದಿನಾರರ ಮಾನದಲ್ಲಿ ಬರೆದರೆ 3, 11, 2, 15 ಎಂಬ ನಾಲ್ಕು ಸ್ಥಾನಗಳಾಗಿ ಹಾರವು ಹರಿದುಹೋಗುವುದು. ಆದರೆ ಅವನೇ ಹೇಳಿದ 12345654321 ಎಂಬ ಹಾರದ ಗತಿ ಬೇರೆ. ಅದು 111111ರ ವರ್ಗ. ಆ ಗುಣಾಕಾರದಲ್ಲಿ ಯಾವ ಸಾಲಿನ ಮೊತ್ತವೂ ಆರನ್ನು ಮೀರದು. ಆದುದರಿಂದ ಆರಕ್ಕಿಂತ ದೊಡ್ಡದಾದ ಯಾವ ಮಾನದಲ್ಲಿ 111111 ಎಂದು ಬರೆದು ವರ್ಗಿಸಿದರೂ ಅದೇ ಹಾರ ಬರುವುದು. ಒಂದು ಚೆಲುವು ಉಡುಪಿನದು, ಮತ್ತೊಂದು ಎಲ್ಲ ಉಡುಪಿಗೂ ಒಪ್ಪುವಂಥದು. ಇವೆರಡನ್ನೂ ಬೇರ್ಪಡಿಸಿ ನೋಡುವುದೇ ಗಣಿತದ ದೃಷ್ಟಿ.

ಮೂವತ್ತೈದು ಮಂದಿ ಬಾಲಿಕೆಯರು ಐದು ಸಾಲುಗಳಲ್ಲಿ ಏಳೇಳು ಮಂದಿಯಾಗಿ ನಿಲ್ಲಬಲ್ಲರು. ಆ ಗುಣವನ್ನು ಯಾವ ಬರವಣಿಗೆಯೂ ಕಸಿಯಲಾರದು. ಇಂದಿನ ಗಣಕಯಂತ್ರಗಳ ಕೆಲಸದಲ್ಲಿ ಹದಿನಾರರ ಮಾನವು ನಿತ್ಯವೂ ಬಳಕೆಯಲ್ಲಿದೆ. ಆದುದರಿಂದ ಬೇರೆ ಮಾನಗಳ ಲೆಕ್ಕವನ್ನು ಎಂಟನೆಯ ತರಗತಿಯಲ್ಲಿಯೇ ಕಲಿಸಬೇಕು. ಇದಕ್ಕೆ ಉಪಕರಣವೂ ಬೇಡ, ವೆಚ್ಚವೂ ಇಲ್ಲ. ಹಳೆಯ ಆಣೆಗಳ ನೆನಪೊಂದು ಸಾಕು. ಹೀಗೆ ಕಲಿತ ಹುಡುಗಿಯು ನಾಳೆ ಮನೆಯ ಯಜಮಾನಿಯಾದಾಗ, ಬಾಗಿಲ ಮೇಲಿನ ಅಂಕಿಗೆ ಅಂಜದೆ ಒಳಗಿನ ಲೆಕ್ಕವನ್ನು ನೋಡಿಕೊಳ್ಳುವಳೆಂಬುದು ನಮ್ಮ ದೃಢವಾದ ನಂಬಿಕೆ.