ಮನೆಮಾತು: ಟಿಕ್ ಎಂದರೆ ಶಹಭಾಸ್

ಈ ಸಲದ ಟಪಾಲಿನಲ್ಲಿ ಎರಡು ಕಾಗದಗಳು ಒಂದೇ ವಿಷಯ ಹೊತ್ತು ಬಂದಿವೆ. ಮೊದಲನೆಯದು ವಿಶಾಖಪಟ್ಟಣದ ಸೋದರಿಯೊಬ್ಬರದು. ಅವರ ಮನೆಯಲ್ಲಿ 78 ವರ್ಷದ ಅತ್ತೆಯವರಿದ್ದಾರೆ, ಒಂದು ವರ್ಷದ ನಾಯಿಯೂ ಇದೆ. ಅತ್ತೆ ಕೋಣೆಯಿಂದ ಹೊರಬಂದರೆ ಸಾಕು, ನಾಯಿ ಪ್ರೀತಿ ತಡೆಯಲಾರದೆ ಮುಂಗಾಲೆತ್ತಿ ಅವರ ಮೇಲೆ ಹಾರುತ್ತದೆ. ಹೋದ ವಾರ ಬಾಗಿಲವಾಡ ಕೈಗೆ ಸಿಕ್ಕದಿದ್ದರೆ ಮುದುಕಿಯ ಸೊಂಟ ಮುರಿಯುತ್ತಿತ್ತಂತೆ. ದಸರೆಯೊಳಗೆ ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ಯಜಮಾನರ ಅಪ್ಪಣೆಯಾಗಿದೆ. ಮಗ ಅಂದಿನಿಂದ ಸರಿಯಾಗಿ ಉಣ್ಣುತ್ತಿಲ್ಲ.

ಎರಡನೆಯದು ವಿಜಯವಾಡದ ಮಹನೀಯರೊಬ್ಬರದು. ನಾಯಿಗೆ ಶಿಸ್ತು ಕಲಿಸಲೆಂದು ಕೋಲು ಹಿಡಿದರಂತೆ. ಈಗ ಕೋಲು ಕಂಡರೆ ಅದು ಮಂಚದ ಕೆಳಗೆ ಸೇರಿ ಗುರುಗುಟ್ಟುತ್ತದೆ; ಮೊನ್ನೆ ಮಗಳ ಕೈಗೆ ಹಲ್ಲು ತಾಗಿಸಿತು. "ಇನ್ನೂ ಎರಡು ಬಿಗಿಯಬೇಕೋ ಹೇಗೆ?" ಎಂದು ಕೇಳಿದ್ದಾರೆ.

ಬೇಡ ಸ್ವಾಮಿ. ಮೊದಲು ಮಗಳ ಕೈ ನೋಡಿ. ಚರ್ಮ ತರಚಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ವೈದ್ಯರಲ್ಲಿಗೆ ಒಯ್ಯಬೇಕಿತ್ತು. ಒಯ್ದಿಲ್ಲವಾದರೆ ಈ ಪುಟವನ್ನು ಇಲ್ಲಿಗೇ ಮಡಿಸಿಟ್ಟು ಹೊರಡಿ. ನಾಯಿಗೆ ಚುಚ್ಚುಮದ್ದು ಹಾಕಿಸಿದ್ದರೂ ಈ ಮಾತು ತಪ್ಪದು. ಉಳಿದದ್ದನ್ನು ಬಂದ ಮೇಲೆ ಓದಿ.

ಮಹಾಭಾರತದಲ್ಲಿ ಧರ್ಮರಾಯನ ಹಿಂದೆ ನಡೆದ ನಾಯಿಯನ್ನು ಎಲ್ಲರೂ ಬಲ್ಲರು. ಆದಿಪರ್ವದಲ್ಲೂ ಒಂದು ನಾಯಿ ಇದೆ, ಅದನ್ನು ನೆನೆಯುವವರು ಕಡಿಮೆ. ಕುರುಕ್ಷೇತ್ರದಲ್ಲಿ ಜನಮೇಜಯನ ಯಜ್ಞ ನಡೆದಿರುವಾಗ ದೇವಶುನಿ ಸರಮೆಯ ಮರಿ ಅಲ್ಲಿಗೆ ಬಂತು. ಅರಸನ ತಮ್ಮಂದಿರು ಹೊಡೆದು ಓಡಿಸಿದರು. ಅದು ಅಳುತ್ತಾ ತಾಯಿಯ ಬಳಿ ಹೋಗಿ, ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲ, ಆದರೂ ಹೊಡೆದರು ಎಂದಿತು. ಸರಮೆ ಬಂದು ಏಕೆ ಹೊಡೆದಿರಿ ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಕಾಣದ ಭಯವೊಂದು ನಿಮ್ಮನ್ನು ಹಿಡಿಯಲಿ ಎಂದು ಶಪಿಸಿ ಹೋದಳು.

ನಮ್ಮ ಮನೆಗಳಲ್ಲಿ ಹೊಡೆಸಿಕೊಳ್ಳುವ ನಾಯಿಗಳ ಪಾಡು ಬಹುಮಟ್ಟಿಗೆ ಈ ಮರಿಯದೇ. ಬೆಳಿಗ್ಗೆ ಚಪ್ಪಲಿ ಕಡಿದದ್ದಕ್ಕೆ ಸಂಜೆ ಆಫೀಸಿನಿಂದ ಬಂದವರು ಬಾರಿಸುತ್ತಾರೆ. ನಾಯಿಗೆ ತಿಳಿಯುವುದು ಇಷ್ಟೇ: ಯಜಮಾನ ಬಾಗಿಲು ತೆರೆದರೆ ಪೆಟ್ಟು. "ತಪ್ಪು ಮಾಡಿದ ಮುಖ ನೋಡಿ ಅದರದು!" ಎನ್ನುವವರಿದ್ದಾರೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿದುಷಿ ಇದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಆ ಮುಖ ತಪ್ಪಿನಿಂದ ಬರುವುದಲ್ಲ, ಬೈಗುಳದಿಂದ ಬರುವುದು. ಏನೂ ಮಾಡದ ನಾಯಿಯೂ ಬೈದರೆ ಅದೇ ಮುಖ ಮಾಡುತ್ತದೆ.

ಹಾಗಾದರೆ ಕಲಿಸುವುದು ಹೇಗೆ? ಸರಿಯಾದುದನ್ನು ಮಾಡಿದ ಗಳಿಗೆಯಲ್ಲೇ "ಇದು ಸರಿ" ಎಂದು ತಿಳಿಸಬೇಕು. ಗಳಿಗೆ ಎಂದರೆ ಗಳಿಗೆ, ಐದು ನಿಮಿಷ ಕಳೆದ ಮೇಲಲ್ಲ. ಇದಕ್ಕಾಗಿಯೇ ಇರುವ ಸಾಧನ ಕ್ಲಿಕರ್. ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎನ್ನುವ ಪುಟ್ಟ ಡಬ್ಬಿ, ಅಷ್ಟೇ. ಹಿರಿಯ ಓದುಗರು ಜಾತ್ರೆಯಲ್ಲಿ ಕೊಳ್ಳುತ್ತಿದ್ದ ತಗಡಿನ ಕಪ್ಪೆಯನ್ನು ನೆನೆದುಕೊಳ್ಳಲಿ. ಇದು ಅದರ ತಮ್ಮನೇ ಹೌದು. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1951ರಲ್ಲಿ ಪ್ರಾಣಿಗಳಿಗೆ ಕಲಿಸುವ ಬಗ್ಗೆ ಬರೆದ ಲೇಖನದಲ್ಲಿ ಇಂಥ ಮಕ್ಕಳ ಆಟಿಕೆಯನ್ನೇ ಸೂಚಿಸಿದ್ದರು. ಹವಾಯಿಯಲ್ಲಿ ಡಾಲ್ಫಿನ್‌ಗಳನ್ನು ಪಳಗಿಸುತ್ತಿದ್ದ ಕರೆನ್ ಪ್ರಯರ್ ಟಿಕ್ಕಿನ ಬದಲು ಸಿಳ್ಳು ಬಳಸುತ್ತಿದ್ದರು. ನೀರಿನಿಂದ ಮೇಲಕ್ಕೆ ನೆಗೆದ ಡಾಲ್ಫಿನ್ನಿನ ಬಾಯಿಗೆ ಆ ಕ್ಷಣವೇ ಮೀನು ಇಡಲು ಯಾರಿಗೆ ಸಾಧ್ಯ? ಸಿಳ್ಳು ಮುಟ್ಟುತ್ತದೆ, ಮೀನು ಆಮೇಲೆ ಬರುತ್ತದೆ. 1984ರಲ್ಲಿ ಅವರು ಬರೆದ ಪುಸ್ತಕದ ತರುವಾಯ ಈ ಪದ್ಧತಿ ನಾಯಿ ಸಾಕುವವರ ಮನೆಮನೆಗೂ ಹಬ್ಬಿತು.

ಮಾಡುವ ಕ್ರಮ ಸುಲಭ. ಮೊದಲ ದಿನ ಏನನ್ನೂ ಕಲಿಸಬೇಡಿ. ಟಿಕ್ ಎನ್ನಿಸಿ, ತಿನಿಸು ಕೊಡಿ. ಹೀಗೆ ಹದಿನೈದಿಪ್ಪತ್ತು ಸಲ. ಟಿಕ್ ಎಂದೊಡನೆ ನಾಯಿ ನಿಮ್ಮ ಕೈ ನೋಡಿತೆಂದರೆ ಅಕ್ಷರಾಭ್ಯಾಸ ಆದಂತೆ. ಆಮೇಲೆ ಸುಮ್ಮನೆ ಕಾಯಿರಿ. ತಾನಾಗಿ ಕೂರುತ್ತದೆ, ಹಿಂಭಾಗ ನೆಲಕ್ಕೆ ಮುಟ್ಟಿದ ಕ್ಷಣ ಟಿಕ್, ತಿನಿಸು. ನಾಲ್ಕು ದಿನದಲ್ಲಿ ನಿಮ್ಮ ಮುಖ ನೋಡಿದರೆ ಸಾಕು ಕೂರತೊಡಗುತ್ತದೆ. "ಕೂತ್ಕೋ" ಎಂಬ ಮಾತನ್ನು ಸೇರಿಸುವುದು ಆಗ, ಮುಂಚೆ ಅಲ್ಲ. ಒಂದು ಸಲಕ್ಕೆ ಐದು ನಿಮಿಷ ಮೀರದಿರಲಿ, ಊಟಕ್ಕೆ ಮುಂಚೆ ಇರಲಿ. ಟಿಕ್ ಎನ್ನಿಸಿದ ಮೇಲೆ ತಿನಿಸು ಕೊಟ್ಟೇ ತೀರಬೇಕು, ಕೈತಪ್ಪಿ ಒತ್ತಿದರೂ ಸಹ. ಕೊಟ್ಟ ಮಾತು ಕೊಟ್ಟ ಮಾತೇ.

ತಿನಿಸು ಬಟಾಣಿ ಕಾಳಿನಷ್ಟಿದ್ದರೆ ಸಾಕು. ಪನೀರು, ಬೇಯಿಸಿದ ಗೆಣಸು, ಕ್ಯಾರೆಟ್. ಮಾಂಸ ತಿನ್ನುವ ಮನೆಯಾದರೆ ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ. ಎಲ್ಲ ಸೇರಿ ದಿನದ ಆಹಾರದ ಹತ್ತನೆಯ ಒಂದು ಪಾಲು ಮೀರಬಾರದು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟು ನಾಯಿಗೆ ವಿಷ. ಪಾಯಸದ ತಳ ಬಳಿದು ನಾಯಿಯ ತಟ್ಟೆಗೆ ಹಾಕುವ ಅಜ್ಜಿಯಂದಿರಿಗೆ ಇದನ್ನು ಎರಡು ಸಲ ಓದಿ ಹೇಳಿ.

ಇನ್ನು ಭಾಷೆಯ ಪ್ರಶ್ನೆ. ನಮ್ಮಂಥ ಮನೆಗಳಲ್ಲಿ ಅಜ್ಜಿ ಕನ್ನಡ, ಮಕ್ಕಳು ಇಂಗ್ಲಿಷು, ಕೆಲಸದಾಕೆ ತೆಲುಗು. ಅವಳ "ಕೂರ್ಚೋ" ನಮ್ಮ "ಕೂತ್ಕೋ"ಗೆ ನೆಂಟ, ತೊಂದರೆಯಿಲ್ಲ. ಆದರೆ ಅವಳು "ಚಾಲು" ಎಂದರೆ ಸಾಕು ಎಂದರ್ಥ, ನಮಗೆ ಚಾಲೂ ಎಂದರೆ ಶುರುವಾಯಿತೆಂದು! ಅವಳು "ವದ್ದು" ಎಂದು ಬೇಡವೆಂದರೆ ನಮ್ಮ ಅಜ್ಜಿಗೆ ಒದ್ದಂತೆ ಕೇಳುತ್ತದೆ. ನಾಯಿಗೆ ಯಾವ ಭಾಷೆಯಾದರೂ ಒಂದೇ. ಒಂದು ಕೆಲಸಕ್ಕೆ ಮನೆಯವರೆಲ್ಲ ಒಂದೇ ಮಾತು ಬಳಸಬೇಕು, ಅಷ್ಟೇ. ಆ ಮಾತು ಕನ್ನಡದ್ದೇ ಆಗಲಿ ಎಂಬುದು ನಮ್ಮ ಆಸೆ. ಮಗು ದಿನಕ್ಕೆ ಇಪ್ಪತ್ತು ಸಲ "ಬಾ", "ಕೂತ್ಕೋ", "ಬಿಡು" ಎಂದರೆ ನಷ್ಟವೇನು?

"ಇದು ಲಂಚವಲ್ಲವೇ, ಜೀವಮಾನವಿಡೀ ಪನೀರು ಹಿಡಿದು ತಿರುಗಬೇಕೇ?" ಎಂದು ವಿಜಯವಾಡದ ಮಹನೀಯರು ಕೇಳಿಯಾರು. ಲಂಚವನ್ನು ಕೆಲಸಕ್ಕೆ ಮುಂಚೆ ತೋರಿಸುತ್ತಾರೆ, ಇದು ಕೆಲಸವಾದ ಮೇಲಿನ ಸಂಬಳ. ಪಾಠ ಬಂದ ಮೇಲೆ ಟಿಕ್ ಡಬ್ಬಿಯನ್ನು ಗೂಟಕ್ಕೆ ನೇತುಹಾಕಬಹುದು; ತಿನಿಸನ್ನು ಆಗೊಮ್ಮೆ ಈಗೊಮ್ಮೆ ಕೊಟ್ಟರಾಯಿತು. ಅವರ ನಾಯಿಗೆ ಮಾತ್ರ ತಾಳ್ಮೆ ಹೆಚ್ಚು ಬೇಕು. ಕೋಲನ್ನು ಮನೆಯಿಂದಲೇ ಆಚೆ ಹಾಕಿ. ಮಂಚದ ಕೆಳಗಿನಿಂದ ಎಳೆಯಬೇಡಿ, ದೂರದಿಂದ ತಿನಿಸು ಎಸೆಯಿರಿ. ಡಬ್ಬಿಯ ಸದ್ದಿಗೆ ಬೆದರಿದರೆ ಗುಂಡಿ ಒತ್ತುವ ಬಾಲ್‌ಪೆನ್ನು ಸಾಕು. ಗುರುಗುಟ್ಟಿದ್ದಕ್ಕೆ ಗದರಬೇಡಿ, ಅದು ಎಚ್ಚರಿಕೆಯ ಗಂಟೆ, ಗಂಟೆ ಕಿತ್ತರೆ ಸದ್ದಿಲ್ಲದೆ ಕಚ್ಚುವ ನಾಯಿ ಉಳಿಯುತ್ತದೆ. ಪಶುವೈದ್ಯರಿಗೂ ಒಮ್ಮೆ ತೋರಿಸಿ, ಎಲ್ಲಾದರೂ ನೋವಿದ್ದೀತು. ಅಲ್ಲಿಯವರೆಗೆ ಮಗಳನ್ನು ನಾಯಿಯೊಂದಿಗೆ ಒಂಟಿಯಾಗಿ ಬಿಡಬೇಡಿ. ವಿಜಯವಾಡದ ಬೇಸಿಗೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ, ಹಗಲಿನ ಟಾರು ರಸ್ತೆ ನಾಯಿಯ ಅಂಗಾಲನ್ನು ಸುಡುತ್ತದೆ. ಪಾಠ ಮನೆಯೊಳಗೇ ನಡೆಯಲಿ, ತಿರುಗಾಟ ಬೆಳಗಿನ ಜಾವಕ್ಕಿರಲಿ.

ವಿಶಾಖಪಟ್ಟಣದ ಸೋದರಿಗೆ: ನಿಮ್ಮ ಯಜಮಾನರಿಂದ ಒಂದು ತಿಂಗಳ ವಾಯಿದೆ ಕೇಳಿ. ಹಾರಿದಾಗ ಬೈಯುವುದೂ ನಾಯಿಗೆ ಉಪಚಾರವೇ, ಗಮನ ಸಿಕ್ಕಿತಲ್ಲ! ಹಾರಿದರೆ ಬೆನ್ನು ತಿರುಗಿಸಿ ಸುಮ್ಮನಿರಿ. ನಾಲ್ಕೂ ಕಾಲು ನೆಲದಲ್ಲಿದ್ದಾಗ ಟಿಕ್, ತಿನಿಸನ್ನು ನೆಲದ ಮೇಲೇ ಇಡಿ. ಮೊದಲು ನೀವು, ಆಮೇಲೆ ಮಗ, ಆಮೇಲೆ ನೆರೆಮನೆಯವರು. ಈ ಅವಧಿಯಲ್ಲಿ ಅತ್ತೆಯವರು ಓಡಾಡುವಾಗ ನಾಯಿಗೆ ಹಗ್ಗವಿರಲಿ.

ಎರಡು ವಾರ ಕಳೆದ ಮೇಲೆ ಅತ್ತೆಯವರನ್ನು ಕೈಯಿರುವ ಕುರ್ಚಿಯಲ್ಲಿ ಕೂರಿಸಿ. ಹಗ್ಗ ನಿಮ್ಮ ಕೈಯಲ್ಲಿರಲಿ, ಪೆನ್ನು ಅವರ ಕೈಗೆ ಕೊಡಿ, ಗೆಣಸಿನ ಬಟ್ಟಲು ಪಕ್ಕದಲ್ಲಿರಲಿ. ಅವರಿಗೆ ವೇಳೆ ಉಂಟು, ತಾಳ್ಮೆಯೂ ಉಂಟು. ಆ ಮನೆಯಲ್ಲಿ ಕಲಿಸುವವರಾಗಿ ತಕ್ಕವರು ಅವರೇ ಎಂದು ನಮಗೆ ತೋರುತ್ತದೆ. ದಸರೆಯ ಬೊಂಬೆ ನೋಡಲು ಬರುವವರಿಗೆ ಮಾತ್ರ ಬಾಗಿಲಲ್ಲೇ ತಿಳಿಸಿಬಿಡಿ: ನಾಯಿ ಕೂರುವವರೆಗೆ ಯಾರೂ ಮುದ್ದಿಸಬಾರದು, ಕೋಸಂಬರಿ ಹಾಕಲೇಬಾರದು.