ಹಾಯಿದೋಣಿಯ ರಜೆ: ಅವಸರವನ್ನು ದಡದಲ್ಲೇ ಬಿಡಿ

ರಜೆ ಎಂದರೆ ನಮ್ಮ ಅನೇಕ ಮನೆಗಳಲ್ಲಿ ಇನ್ನೊಂದು ಬಗೆಯ ದುಡಿಮೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಐದಕ್ಕೆ ವ್ಯಾನು ಹತ್ತಿ, ಒಂದೇ ದಿನದಲ್ಲಿ ಮೂರು ಊರು, ನಾಲ್ಕು ದೇವಸ್ಥಾನ, ಒಂದು ಜಲಪಾತ ಮುಗಿಸಿ, ಸೊಂಟ ಹಿಡಿದುಕೊಂಡು ಹಿಂದಿರುಗುತ್ತೇವೆ. ಆ ಆಯಾಸ ಕಳೆಯಲು ಮತ್ತೆರಡು ದಿನ ರಜೆ ಹಾಕುತ್ತೇವೆ. ಇಂಥ ಪ್ರವಾಸದಿಂದ ಫೋಟೋಗಳು ಸಿಗಬಹುದು, ವಿಶ್ರಾಂತಿ ಸಿಗುವುದಿಲ್ಲ.

ಇದಕ್ಕೆ ತೀರ ಬೇರೆಯಾದ ರಜೆಯೊಂದಿದೆ. ಬೆಚ್ಚಗಿನ ಸಮುದ್ರದ ದ್ವೀಪಗಳ ನಡುವೆ ಹಾಯಿದೋಣಿಯೊಂದನ್ನು ವಾರದ ಮಟ್ಟಿಗೆ ಬಾಡಿಗೆಗೆ ಗೊತ್ತುಮಾಡಿಕೊಳ್ಳುವುದು. ಊಟ, ನಿದ್ದೆ, ಹರಟೆ ಎಲ್ಲವೂ ದೋಣಿಯಲ್ಲೇ. ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು, ತಮ್ಮನ್ನು ನೋಡಲು ಬಂದ ತಂದೆತಾಯಿಯರನ್ನು ಇಂಥ ಪ್ರವಾಸಕ್ಕೆ ಕರೆದೊಯ್ಯುವುದುಂಟು. "ಅಪ್ಪಾ, ನೀವು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಕೂತಿದ್ದರೆ ಸಾಕು" ಎಂದು ಮಗ ಧೈರ್ಯ ಹೇಳುತ್ತಾನೆ. ಅವನ ಮಾತು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲನ್ನು ಕುರಿತು ಈ ವಾರ ನಾಲ್ಕು ಮಾತು.

ಇಂಥ ರಜೆಗೆ ಹೆಸರಾದ ಜಾಗ ಕೆರೀಬಿಯನ್ ಸಮುದ್ರದ ಬ್ರಿಟಿಷ್ ವರ್ಜಿನ್ ದ್ವೀಪಗಳು. ಪೋರ್ಟೊರಿಕೊದ ಪೂರ್ವಕ್ಕೆ ಚದುರಿಕೊಂಡಿರುವ ಸುಮಾರು 60 ಸಣ್ಣ ದೊಡ್ಡ ದ್ವೀಪಗಳಿವು. 1493ರಲ್ಲಿ ತನ್ನ ಎರಡನೇ ಯಾನದಲ್ಲಿ ಕೊಲಂಬಸ್ ಇವುಗಳಿಗೆ ಹೆಸರಿಟ್ಟ. ಟಾರ್ಟೋಲಾ ಇವುಗಳಲ್ಲೆಲ್ಲ ದೊಡ್ಡದು. ಅಲ್ಲಿನ ರೋಡ್ ಟೌನ್ ರಾಜಧಾನಿ. ಬಹುತೇಕ ದ್ವೀಪಗಳು ಒಂದರಿಂದ ಇನ್ನೊಂದು ಕಣ್ಣಿಗೆ ಕಾಣುವಷ್ಟು ಹತ್ತಿರ. ನಡುವಿನ ನೀರಿಗೆ ಎರಡೂ ಕಡೆ ಗುಡ್ಡಗಳ ಆಸರೆ ಇರುವುದರಿಂದ ದೊಡ್ಡ ಅಲೆಗಳ ಕಾಟ ಕಡಿಮೆ. ಚಳಿಗಾಲದಲ್ಲಿ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ ದಿನವೂ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ. ದೋಣಿ ನಡೆಸಲು ಬಾರದವರಿಗೆ ಕ್ಯಾಪ್ಟನ್ ಸಮೇತ ದೋಣಿ ಸಿಗುತ್ತದೆ.

ನಿಧಾನವೇ ಔಷಧ

ಹಾಯಿದೋಣಿ ಗಂಟೆಗೆ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಹೋಗುತ್ತದೆ. ನಮ್ಮ ಊರಿನ ಸೈಕಲ್ ಸವಾರ ಆರಾಮವಾಗಿ ಹೋಗುವಷ್ಟೇ ವೇಗ. ಅದನ್ನು ಬೆನ್ನತ್ತಿ ಓಡಿಸುವಂತಿಲ್ಲ. ಗಾಳಿ ಹೇಳಿದಂತೆ ಕೇಳಬೇಕು. ಮಧ್ಯಾಹ್ನದ ಹೊತ್ತಿಗೆ ಒಂದು ಕೊಲ್ಲಿ ಸೇರಿ ಲಂಗರು ಹಾಕಿದರೆ ಆ ದಿನದ ಕೆಲಸ ಮುಗಿಯಿತು. ಕತ್ತಲಾದ ಮೇಲೆ ನಿದ್ದೆ, ಬೆಳಕು ಹರಿದಾಗ ಎಚ್ಚರ. ಕೆಲಸದ ಒತ್ತಡದಿಂದ ನಿದ್ದೆಗೆಟ್ಟವರಿಗೆ ಇದಕ್ಕಿಂತ ಒಳ್ಳೆಯ ಪಥ್ಯ ಬೇಕೆ?

ಆದರೆ ಈ ಔಷಧ ಕೆಲಸ ಮಾಡಬೇಕಾದರೆ ನೀವೂ ನಿಧಾನಿಸಬೇಕು. ಇಂಥ ಪ್ರವಾಸದಲ್ಲಿ ಆರೋಗ್ಯ ಕೆಡಲು ಎರಡು ದೊಡ್ಡ ಕಾರಣಗಳೆಂದರೆ ಅವಸರ ಮತ್ತು ಮುಚ್ಚುಮರೆ ಎಂಬುದು ನನ್ನ ಅಭಿಪ್ರಾಯ. ಎರಡೂ ನಮ್ಮ ಕೈಯಲ್ಲೇ ಇರುವಂಥವು.

ಹೊಟ್ಟೆ ತೊಳಸುವ ಮೊದಲ ದಿನ

ದೋಣಿ ಓಲಾಡುವುದನ್ನು ಒಳಕಿವಿ ಗ್ರಹಿಸುತ್ತದೆ. ಕ್ಯಾಬಿನ್ನಿನೊಳಗೆ ಕುಳಿತ ಕಣ್ಣು ಮಾತ್ರ "ಎಲ್ಲವೂ ಸ್ಥಿರವಾಗಿದೆ" ಎನ್ನುತ್ತದೆ. ಈ ಎರಡು ವರದಿಗಳು ಹೊಂದದೆ ಮಿದುಳು ಗೊಂದಲಕ್ಕೆ ಬಿದ್ದಾಗ ತಲೆಸುತ್ತು, ಬೆವರು, ವಾಂತಿ. ಇದು ಹೇಡಿತನವಲ್ಲ. ಇಂಗ್ಲೆಂಡಿನ ನೌಕಾಪತಿ ನೆಲ್ಸನ್, ವಿಜ್ಞಾನಿ ಡಾರ್ವಿನ್ ಇಬ್ಬರೂ ಇದರಿಂದ ನರಳಿದವರೇ.

ಹೆಚ್ಚಿನವರ ದೇಹ ಎರಡು ಮೂರು ದಿನಗಳಲ್ಲಿ ಓಲಾಟಕ್ಕೆ ಒಗ್ಗಿಕೊಳ್ಳುತ್ತದೆ. ಆ ಸಮಯವನ್ನು ಅದಕ್ಕೆ ಕೊಡಿ. ದೂರದ ವಿಮಾನಯಾನ ಮುಗಿಸಿದ ದಿನವೇ ಹಾಯಿ ಬಿಚ್ಚಬೇಡಿ; ಮೊದಲ ರಾತ್ರಿ ದಡಕ್ಕೆ ಕಟ್ಟಿದ ದೋಣಿಯಲ್ಲೇ ಮಲಗಿ. ಮೊದಲ ಎರಡು ದಿನ ಗುಡ್ಡಗಳ ಮರೆಯ ಶಾಂತ ನೀರಿನಲ್ಲಿ ಸಣ್ಣ ಸಣ್ಣ ಪಯಣ ಸಾಕು. ಆನೆಗಾಡಾ ಎಂಬ ಹವಳದ ದ್ವೀಪ ಉಳಿದವುಗಳಿಂದ ದೂರವಿದ್ದು ತೆರೆದ ಕಡಲನ್ನು ದಾಟಿ ಹೋಗಬೇಕು. ಅದನ್ನು ವಾರದ ಕೊನೆಗೆ ಇಟ್ಟುಕೊಳ್ಳಿ, ಇಲ್ಲವೇ ಬಿಟ್ಟುಬಿಡಿ.

ತೊಳಸು ಶುರುವಾದರೆ ಕ್ಯಾಬಿನ್ನಿಗೆ ಇಳಿದು ಮಲಗಬೇಡಿ. ಮೇಲೆ ಗಾಳಿಗೆ ಬಂದು, ದೋಣಿಯ ನಡುಭಾಗದಲ್ಲಿ ಕುಳಿತು, ದೂರದ ದಿಗಂತವನ್ನು ನೋಡಿ. ಓದು ಬೇಡ, ಮೊಬೈಲ್ ಬೇಡ. ಖಾಲಿ ಹೊಟ್ಟೆಯೂ ಬೇಡ, ಬಿರಿಯುವಷ್ಟು ಊಟವೂ ಬೇಡ. ಶುಂಠಿ ಕೆಲವರಿಗೆ ಹಿತ ನೀಡುತ್ತದೆ. ಪ್ರೊಮೆಥಜಿನ್, ಮೆಕ್ಲಿಜಿನ್‌ನಂಥ ಮಾತ್ರೆಗಳನ್ನು ಹೊರಡುವ ಮೊದಲೇ ತೆಗೆದುಕೊಂಡರೆ ಗುಣ. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊರಗೇ ಬರುತ್ತದೆ. ಇವು ನಿದ್ದೆ ತರಿಸುತ್ತವೆ, ಮದ್ಯದ ಜೊತೆ ಸಲ್ಲವು. ಗ್ಲಾಕೋಮಾ ಎಂಬ ಕಣ್ಣಿನ ಒತ್ತಡದ ಕಾಯಿಲೆ ಇರುವವರು, ಪ್ರಾಸ್ಟೇಟ್ ತೊಂದರೆಯಿಂದ ಮೂತ್ರ ಕಟ್ಟುವವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು.

ಬಿಸಿಲು ಮತ್ತು ನೀರು

"ನಾವು ಬಿಸಿಲಿನ ನಾಡಿನವರು, ನಮಗೇನು?" ಎನ್ನಬೇಡಿ. ವರ್ಜಿನ್ ದ್ವೀಪಗಳಿರುವುದು ಉತ್ತರಕ್ಕೆ 18 ಡಿಗ್ರಿ ಅಕ್ಷಾಂಶದ ಸುತ್ತ. ನಮ್ಮ ಬೀದರ್ ಜಿಲ್ಲೆ ಇರುವುದೂ ಅಲ್ಲೇ. ಬೀದರಿನ ಬಿಸಿಲಿನಲ್ಲಿ ಮಧ್ಯಾಹ್ನ ಮಾಳಿಗೆಯ ಮೇಲೆ ಯಾರೂ ಕೂರುವುದಿಲ್ಲ. ದೋಣಿಯಲ್ಲಿ ಕೂರುತ್ತೇವೆ, ಏಕೆಂದರೆ ತಂಗಾಳಿ ಬಿಸಿಲನ್ನು ಮರೆಸುತ್ತದೆ. ಸುಟ್ಟದ್ದು ಗೊತ್ತಾಗುವುದು ಸಂಜೆಗೆ. ಕಪ್ಪು ಚರ್ಮವೂ ಸುಡುತ್ತದೆ. ಅಗಲ ಅಂಚಿನ ಟೋಪಿ, ತುಂಬುತೋಳಿನ ಹತ್ತಿ ಅಂಗಿ, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಇರಲಿ. ಎರಡು ಗಂಟೆಗೊಮ್ಮೆ ಮತ್ತು ಈಜಿದ ಮೇಲೆ ಮತ್ತೆ ಹಚ್ಚಿ. ಪಕ್ಕದ ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಹವಳಕ್ಕೆ ಹಾನಿಕರವೆಂದು ಆಕ್ಸಿಬೆನ್ಜೋನ್ ಇರುವ ಕ್ರೀಮುಗಳನ್ನು 2020ರಿಂದ ನಿಷೇಧಿಸಲಾಗಿದೆ. ಕೊಳ್ಳುವ ಮುನ್ನ ಡಬ್ಬಿಯ ಮೇಲಿನ ಬರಹ ಓದಿ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ದೋಣಿಯ ಶೌಚಾಲಯ ಇಕ್ಕಟ್ಟಿನದು, ಓಲಾಡುವಂಥದು, ಪಂಪು ಒತ್ತಬೇಕಾದದ್ದು. ಅಳಿಯನೋ ಸೊಸೆಯೋ ಪಕ್ಕದಲ್ಲೇ ಇರುತ್ತಾರೆ. ಸಂಕೋಚದಿಂದ ನಮ್ಮ ತಾಯಂದಿರು ಏನು ಮಾಡುತ್ತಾರೆ? ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅದರಿಂದ ಮಲಬದ್ಧತೆ, ಉರಿಮೂತ್ರ, ತಲೆಸುತ್ತು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ಇದು ಇನ್ನೂ ಅಪಾಯ. ಮಕ್ಕಳೇ, ಹತ್ತಿದ ದಿನವೇ ಶೌಚಾಲಯ ಬಳಸುವ ಕ್ರಮವನ್ನು ಅಮ್ಮನಿಗೆ ಸಾವಕಾಶವಾಗಿ ತೋರಿಸಿಕೊಡಿ. ದೋಣಿ ಗೊತ್ತುಮಾಡುವಾಗಲೇ ಅವರಿಗೆ ಪ್ರತ್ಯೇಕ ಶೌಚಾಲಯವಿರುವ ಕ್ಯಾಬಿನ್ ಕೇಳಿ. ತಾಯಂದಿರೇ, ಬಾಯಾರುವ ಮೊದಲೇ ನೀರು ಕುಡಿಯಿರಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರಿನ ಮಿತಿ ಹೇಳಿಸಿಕೊಂಡವರು ಮಾತ್ರ ತಮ್ಮ ವೈದ್ಯರ ಮಾತಿನಂತೆ ನಡೆಯಲಿ.

ತಿನ್ನುವುದು, ಕುಡಿಯುವುದು, ಮುಟ್ಟುವುದು

ಜಾಸ್ಟ್ ವಾನ್ ಡೈಕ್ ಎಂಬ ದ್ವೀಪದ ಕಡಲತೀರದಲ್ಲಿ ಹುಟ್ಟಿದ, ರಮ್ ಬೆರೆಸಿದ ಪಾನೀಯವೊಂದಕ್ಕೆ "ಪೇನ್‌ಕಿಲ್ಲರ್" ಎಂದೇ ಹೆಸರು. ಹೆಸರು ನಂಬಿ ನೋವಿನ ಮಾತ್ರೆಯಂತೆ ಸೇವಿಸಬೇಡಿ. ಮದ್ಯ ಮತ್ತು ಬಿಸಿಲು ಸೇರಿ ದೇಹದ ನೀರನ್ನು ಹೀರುತ್ತವೆ. ಕತ್ತಲಲ್ಲಿ ಸಣ್ಣ ದೋಣಿಯಿಂದ ದೊಡ್ಡ ದೋಣಿಗೆ ಕಾಲಿಡುವಾಗ ತೂಕ ತಪ್ಪಿದರೆ ಕೆಳಗಿರುವುದು ಸಮುದ್ರ.

ಮೀನು ತಿನ್ನುವವರಿಗೆ ಒಂದು ಎಚ್ಚರಿಕೆ. ಹವಳದ ದಿಬ್ಬಗಳ ಬಳಿ ಬೆಳೆದ ಬಾರಾಕುಡಾದಂಥ ದೊಡ್ಡ ಮೀನುಗಳಲ್ಲಿ ಸಿಗ್ವಟೆರಾ ಎಂಬ ವಿಷ ಸೇರಿರಬಹುದು. ಇದು ಸೂಕ್ಷ್ಮ ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ದಾಟಿ ಬರುವಂಥದು. ಬೇಯಿಸಿದರೂ ಹುರಿದರೂ ಹೋಗದು, ರುಚಿಯಲ್ಲೂ ತಿಳಿಯದು. ವಾಂತಿ ಭೇದಿಯ ಜೊತೆಗೆ ತಣ್ಣನೆಯದು ಮುಟ್ಟಿದರೆ ಸುಟ್ಟಂತಾಗುವುದು ಇದರ ಗುರುತು. ನೀವೇ ಹಿಡಿದ ಮೀನನ್ನು ಸ್ಥಳೀಯರನ್ನು ಕೇಳದೆ ತಿನ್ನಬೇಡಿ.

ಮರಳ ದಂಡೆಯಲ್ಲಿ ಸಣ್ಣ ಹಸಿರು ಸೇಬಿನಂಥ ಹಣ್ಣು ಬಿದ್ದಿದ್ದರೆ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಅದು ಮ್ಯಾಂಚಿನೀಲ್ ಮರ. ಅದರ ಹಾಲು ಚರ್ಮವನ್ನು ಸುಡುತ್ತದೆ. ಮಳೆ ಬಂದಾಗ ಅದರ ಕೆಳಗೆ ನಿಂತರೂ ಬೊಬ್ಬೆ ಏಳುತ್ತದೆ.

ಈಜು ಬಾರದವರು ನೀರಿಗಿಳಿಯುವಾಗಲಷ್ಟೇ ಅಲ್ಲ, ದೋಣಿಯ ಅಂಚಿನಲ್ಲಿ ಓಡಾಡುವಾಗಲೂ ಲೈಫ್ ಜಾಕೆಟ್ ತೊಡಬೇಕು. ಮಕ್ಕಳಿಗಂತೂ ಕಡ್ಡಾಯ. ಸ್ಕೂಬಾ ಡೈವಿಂಗ್ ಮಾಡುವ ಯುವಕರು ಕೊನೆಯ ದಿನವೂ ಮುಳುಗಿ ಅಂದೇ ವಿಮಾನ ಹತ್ತುವ ಆತುರ ತೋರಬಾರದು. ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟಿ ಪ್ರಾಣಕ್ಕೇ ಸಂಚಕಾರ ಬಂದೀತು. ಹಲವು ದಿನ ಡೈವ್ ಮಾಡಿದವರು ಕನಿಷ್ಠ 18 ಗಂಟೆ, ಸಾಧ್ಯವಾದರೆ ಪೂರ್ತಿ ಒಂದು ದಿನ ಕಾಯಬೇಕು.

ಕ್ಯಾಪ್ಟನ್ನನಿಗೆ ಸುಳ್ಳು ಹೇಳಬೇಡಿ

ವೈದ್ಯರಲ್ಲಿ, ವಕೀಲರಲ್ಲಿ ಸುಳ್ಳು ಹೇಳಬಾರದು ಎಂಬ ಮಾತಿದೆ. ಮೂರನೆಯವನಾಗಿ ಕ್ಯಾಪ್ಟನ್ನನನ್ನೂ ಸೇರಿಸಿಕೊಳ್ಳಿ. "ಹೋದ ತಿಂಗಳು ಎದೆನೋವು ಬಂದಿತ್ತು ಅಂದರೆ ಮಗ ಟಿಕೆಟ್ ರದ್ದು ಮಾಡಿಬಿಡುತ್ತಾನೆ, ಪಾಪ, ಎಷ್ಟು ಆಸೆಪಟ್ಟಿದ್ದಾನೆ" ಎಂದು ಸುಮ್ಮನಿರುವ ತಂದೆಯರಿದ್ದಾರೆ. ಇದು ವಾತ್ಸಲ್ಯವೇ ಹೌದು, ಆದರೆ ಅಪಾಯಕಾರಿ ವಾತ್ಸಲ್ಯ. ದೊಡ್ಡ ಆಸ್ಪತ್ರೆ ಇರುವುದು ಟಾರ್ಟೋಲಾದಲ್ಲಿ. ನೀವಿರುವ ಕೊಲ್ಲಿಯಿಂದ ಅಲ್ಲಿಗೆ ತಲುಪಲು ಸಮುದ್ರ ದಾಟಬೇಕು. ಅಲ್ಲಿನ ಸ್ವಯಂಸೇವಕ ರಕ್ಷಣಾ ದಳದವರು ರೇಡಿಯೋ ಕರೆಗೆ ಓಗೊಟ್ಟು ಬರುತ್ತಾರೆ ನಿಜ, ಆದರೂ ಹೊತ್ತು ಹಿಡಿಯುತ್ತದೆ. ಎದೆನೋವಿಗೆ ಆ ಹೊತ್ತೇ ದುಬಾರಿ.

ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲೇ ನಿಮ್ಮ ವೈದ್ಯರನ್ನು ಕಾಣಿ. ಮಾತ್ರೆಗಳನ್ನು ಎರಡು ಪಟ್ಟು ಕಟ್ಟಿಕೊಂಡು ಎರಡು ಬೇರೆ ಚೀಲಗಳಲ್ಲಿಡಿ, ಔಷಧಗಳ ಹೆಸರಿನ ಚೀಟಿ ಜೊತೆಗಿರಲಿ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ನನ್ನು ತಂಪಿನಲ್ಲಿಡಿ, ಮಂಜುಗಡ್ಡೆಗೆ ತಾಗಿಸಬೇಡಿ. ಈಜುವ ಮುನ್ನ ಏನಾದರೂ ತಿನ್ನಿ. ಬರಿಗಾಲಲ್ಲಿ ನಡೆಯಬೇಡಿ, ಹವಳ ಕೊಯ್ದ ಗಾಯ ಬೇಗ ಮಾಗದು. ತುರ್ತಿನಲ್ಲಿ ಬೇರೆಡೆಗೆ ಸಾಗಿಸುವ ವೆಚ್ಚವೂ ಸೇರಿದ ವಿಮೆ ಮಾಡಿಸಿ. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಈ ದ್ವೀಪಗಳನ್ನು ಧ್ವಂಸಗೊಳಿಸಿತು. ಡಿಸೆಂಬರಿನಿಂದ ಏಪ್ರಿಲ್ ಒಳ್ಳೆಯ ಸಮಯ.

ವೈದ್ಯರು "ಈ ಸಲ ಬೇಡ" ಎಂದರೆ ಅದನ್ನು ಮಗನಿಗೆ ಹೇಳಿ. ಮಕ್ಕಳೇ, ಅಪ್ಪ ಹಾಗೆ ಹೇಳಿದರೆ ಮುಖ ಸಪ್ಪಗೆ ಮಾಡಬೇಡಿ. ದ್ವೀಪದ ದಂಡೆಯಲ್ಲೊಂದು ಕೋಣೆ ಹಿಡಿದು, ಹಗಲು ಹೊತ್ತು ಮಾತ್ರ ಶಾಂತ ನೀರಿನಲ್ಲಿ ಒಂದು ಸುತ್ತು ಹೋಗಿಬರುವುದೂ ರಜೆಯೇ.

"ಅಷ್ಟು ದುಡ್ಡು ಸುರಿದು ಸುಮ್ಮನೆ ಕೂರುವುದೇ?" ಎಂದು ಕೇಳುವವರಿದ್ದಾರೆ. ಹೌದು, ಸುಮ್ಮನೆ ಕೂರಲಿಕ್ಕೇ ಆ ದುಡ್ಡು. ಎಲ್ಲ ದ್ವೀಪ ನೋಡಲೇಬೇಕೆಂಬ ಪಟ್ಟಿ ಹಿಡಿದು ಹೊರಟರೆ ವ್ಯಾನಿನ ಪ್ರವಾಸವನ್ನೇ ನೀರಿನ ಮೇಲೆ ಮಾಡಿದಂತಾಗುತ್ತದೆ. ತಾಳಿದವನು ಬಾಳಿಯಾನು ಎಂಬುದು ಕಡಲಿಗೂ ಸಲ್ಲುವ ಮಾತು. ದಿನಕ್ಕೊಂದು ಕೊಲ್ಲಿ, ಗಂಟೆಗೊಂದು ಲೋಟ ನೀರು, ವೈದ್ಯರಿಗೂ ಕ್ಯಾಪ್ಟನ್ನನಿಗೂ ನಿಜ. ಇಷ್ಟು ಪಾಲಿಸಿದರೆ ಹೋದ ಆರೋಗ್ಯಕ್ಕಿಂತ ಒಂದಿಷ್ಟು ಹೆಚ್ಚನ್ನೇ ಹೊತ್ತು ಮನೆಗೆ ಮರಳುತ್ತೀರಿ.